ಬಟ್ಟಲಿನಿಂದ ಎದ್ದುಹೋದ ಬಂಗುಡೆ

ನೀವೇ ಹೇಳಿ ಸ್ನೇಹಿತರೇ, ಉಣ್ಣುತ್ತಿರುವವರ ಬಟ್ಟಲಿನಿಂದ ಯಾರಾದರೂ ಮೀನು ಎತ್ತುತ್ತಾರಾ? ಇವತ್ತು ಮಧ್ಯಾಹ್ನ ಮಲ್ಪೆಯ ನಮ್ಮ ಮನೆಯಲ್ಲಿ ಅದೂ ಆಯಿತು.

ನನ್ನ ಗಂಡನಿಗೆ ಡಯಾಲಿಸಿಸ್ ನಡೆಯುತ್ತಿದೆ. ನೋಡಿ ಹೋಗಲು ಅವರ ಅಕ್ಕ ಕಾಪುವಿನಿಂದ ಎಳನೀರಿಗೆಂದು ಬೊಂಡದ ಗೊನೆ ಹಿಡಿದುಕೊಂಡು ಬಂದಿದ್ದರು. ನಾನು ಬಡಿಸಿದ ಬಂಗುಡೆ ಕಂಡದ್ದೇ ತಡ, ಕೂಗಿದರು: "ಎಂತ ಮಾರಾಯ್ತಿ, ಕಿಡ್ನಿ ಹೋದವನಿಗೆ ಮೀನಾ? ಪ್ರೋಟೀನ್ ವಿಷ ಅಂತ ಮೊಬೈಲಲ್ಲಿ ಎಷ್ಟು ಸಲ ಬಂದಿದೆ!"

"ಅತ್ತಿಗೆ, ಅದು ಡಯಾಲಿಸಿಸ್‌ಗೆ ಮೊದಲಿನ ಪಥ್ಯ. ಆಗ ನಾನೂ ಕಡಿಮೆಯೇ ಕೊಡ್ತಿದ್ದೆ. ಈಗ ರಕ್ತ ಶುದ್ಧ ಮಾಡುವಾಗ ಪ್ರೋಟೀನೂ ಹೋಗ್ತದೆ. ಮೀನು, ಮೊಟ್ಟೆಯ ಬಿಳಿ ಜಾಸ್ತಿ ಕೊಡಿ ಅಂತ ಡಾಕ್ಟರೇ ಹೇಳಿದ್ದಾರೆ. ಕೊಡಬಾರದ್ದು ನೀವು ತಂದ ಬೊಂಡ. ಅದರ ಪೊಟ್ಯಾಸಿಯಂ ಇವರ ಹೃದಯಕ್ಕೆ ಅಪಾಯ."

"ಡಾಕ್ಟರಿಗೆ ಎಂತ? ಇವನು ಅವರ ತಮ್ಮನಾ?"

ಹೀಗೆ ಹೇಳಿದವರೇ ಬಂಗುಡೆಯನ್ನು ಎತ್ತಿ ತಮ್ಮ ಬಟ್ಟಲಿಗೆ ಹಾಕಿಕೊಂಡರು. ಮೀನಿನ ವ್ಯಾಪಾರದಲ್ಲೇ ಬೆಳೆದ ನನ್ನ ಗಂಡ, ಈಗ ಗೋಡೆ ಹಿಡಿದು ನಡೆಯುವಷ್ಟು ಸೊರಗಿದವರು, ಅಕ್ಕನಿಗೆ ಎದುರಾಡಲಾಗದೆ ಬರೀ ಅನ್ನ ಉಂಡರು. ಅತ್ತಿಗೆ ಮುಳ್ಳು ಬಿಡಿಸಿ ತಿಂದು ಮುಗಿಸಿ ಹೇಳಿದರು: "ಬಂಗುಡೆ ತಾಜಾ ಉಂಟು. ಉಪ್ಪು ಮಾತ್ರ ಇಲ್ಲವೇ ಇಲ್ಲ."

ಹೇಗಿರುತ್ತದೆ? ರೋಗಿಗೆಂದು ಮಾಡಿದ್ದಲ್ಲವಾ!

ಅವರು ಹೋದ ಮೇಲೆ ಮೊಟ್ಟೆ ಬೇಯಿಸಿ ಬಿಳಿ ಕೊಟ್ಟೆ. ಬೊಂಡ ಪಕ್ಕದ ಮನೆಗೆ ಹೋಯಿತು. ಕಾಯಿಲೆಯವರನ್ನು ನೋಡಲು ಬರುವವರೇ, ದಯವಿಟ್ಟು ನೋಡಿ ಹೋಗಿ. ಬಟ್ಟಲಿಗೆ ಕೈ ಹಾಕಬೇಡಿ.