ಕೊನೆಯ ಪಂಕ್ತಿ ಏಳುವವರೆಗೆ

ಮಗಳ ಮದುವೆಗೆ ಇನ್ನು ಮೂರೇ ದಿನ ಎನ್ನುವಾಗ ಯಾವ ತಾಯಿಯಾದರೂ ಇನ್ನೊಬ್ಬರ ಮನೆಯ ಉಪನಯನಕ್ಕೆ ಅಡುಗೆ ಮಾಡಲು ಹೋಗುತ್ತಾಳೆಯೇ? ಚೂಡಾಮಣಿ ಹೋದಳು. ಬಸವನಗುಡಿಯ ಛತ್ರದಲ್ಲಿ ಕೆಲಸ, ಮೊದಲೇ ಒಪ್ಪಿಕೊಂಡಿದ್ದಳಂತೆ, ಕೈ ಕೊಡುವ ಹಾಗಿಲ್ಲವಂತೆ. ಅದನ್ನು ಮುಗಿಸಿ, ಪಾತ್ರೆ ತೊಳೆಸಿ, ಅರಿಶಿನ ಮೆತ್ತಿದ ಉಗುರುಗಳಲ್ಲೇ ಮರುದಿನ ನನ್ನ ಜೊತೆ ವಿಮಾನ ಹತ್ತಿದಳು. ಹೈದರಾಬಾದಿನಲ್ಲಿ ಇಳಿದು ನಾಗಪುರದ ವಿಮಾನ ಹಿಡಿಯಬೇಕಿತ್ತು. ಇಳಿದ ಮೇಲೆ ತಿಳಿಯಿತು, ಅದು ಹೊರಡುವುದು ಸಂಜೆಗೆ.

ನಾನು ಹಂಸಾ, ಚೂಡಾಮಣಿಯ ಪಕ್ಕದ ಮನೆಯವಳು. ಚಾಮರಾಜಪೇಟೆಯಲ್ಲಿ ಅವಳ ಅಡುಗೆಮನೆಗೂ ನನ್ನ ದೇವರಮನೆಗೂ ನಡುವೆ ಇರುವುದು ಒಂದೇ ಗೋಡೆ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ, ಆದರೆ ಬೈಯುವ ಅಭ್ಯಾಸ ಮಾತ್ರ ನಿವೃತ್ತವಾಗಿಲ್ಲ. ಚೂಡಾಮಣಿಯ ಗಂಡ ತೀರಿಕೊಂಡಾಗ ಅವಳ ಕಂಕುಳಲ್ಲಿ ಪುಟ್ಟ ಮಗಳು ಮಾನಸ. ತರಕಾರಿ ಹೆಚ್ಚಲು ಹೋದವಳು ಒಲೆ ಮುಂದೆ ನಿಂತಳು, ಆಮೇಲೆ ತಾನೇ ಅಡುಗೆ ಒಪ್ಪಿಕೊಳ್ಳತೊಡಗಿದಳು. ಬೆಳಕು ಹರಿಯುವ ಮುಂಚೆ ಕಲಾಸಿಪಾಳ್ಯದ ಮಾರುಕಟ್ಟೆಗೆ ಹೋಗಿ ಸೌತೆಕಾಯಿ ಮುರಿದು ನೋಡಿ ತರುತ್ತಿದ್ದಳು. ಮಾನಸ ಬೆಳೆದದ್ದು ಛತ್ರಗಳ ಉಗ್ರಾಣಗಳಲ್ಲಿ, ಅಕ್ಕಿ ಮೂಟೆಗಳ ಮೇಲೆ ಮಲಗಿ. ಈಗ ನಾಗಪುರದಲ್ಲಿ ಬ್ಯಾಂಕ್ ಕೆಲಸ. ಹುಡುಗ ಗೌರೀಶ್ ಅಲ್ಲಿಯೇ ನೆಲೆಸಿದ ಕನ್ನಡದವರ ಮನೆಯವನು.

ಮಾನಸ ತಾಯಿಯನ್ನು ಕೇಳಿದ್ದು ಒಡವೆಯಲ್ಲ, ಸೀರೆಯಲ್ಲ. "ಮದುವೆ ದಿನ ನೀನು ಅಡುಗೆಮನೆ ಕಡೆ ತಲೆ ಹಾಕ್ಬಾರ್ದು. ಮೊದಲನೇ ಪಂಕ್ತೀಲಿ ನನ್ನ ಪಕ್ಕ ಕೂತು ಊಟ ಮಾಡ್ಬೇಕು. ನೀನು ಕೂರ್ಲಿಲ್ಲ ಅಂದ್ರೆ ನಾನೂ ಎಲೆ ಮುಂದೆ ಕೂರಲ್ಲ" ಎಂದಿದ್ದಳು. ಚೂಡಾಮಣಿ ಹೂಂ ಅಂದಿದ್ದಳು. ಅವಳ ಹೂಂ ಎಷ್ಟು ಗಟ್ಟಿ ಎಂದು ಮಗಳಿಗೆ ಗೊತ್ತು. ಅದಕ್ಕೇ ಕಾವಲಿಗೆ ನನ್ನನ್ನೂ ಕರೆಸಿಕೊಂಡದ್ದು.

ವಿಮಾನ ಕಂಪನಿಯ ಹುಡುಗಿ ನಮ್ಮಿಬ್ಬರ ಮುಖ ನೋಡಿ ಕನಿಕರಪಟ್ಟಳೋ ಏನೋ, ಲೌಂಜಿನಲ್ಲಿ ಕೂತಿರಿ, ಊಟ ತಿಂಡಿ ಎಲ್ಲ ಅಲ್ಲಿದೆ, ದುಡ್ಡು ಕೊಡಬೇಕಿಲ್ಲ ಎಂದು ಕಳಿಸಿದಳು. ಲೌಂಜ್ ಎಂದರೆ ಏನೋ ದೊಡ್ಡದು ಅಂದುಕೊಂಡಿದ್ದೆ. ಕೂತರೆ ಏಳಲಾಗದ ಸೋಫಾ, ಮೈ ಕೊರೆಯುವ ಏಸಿ, ಸದ್ದಿಲ್ಲದೆ ಓಡುವ ಟೀವಿ. ಒಂದು ಗೋಡೆಯುದ್ದಕ್ಕೂ ಮುಚ್ಚಳ ಹಾಕಿದ ಪಾತ್ರೆಗಳು. ಇಡ್ಲಿ, ಪೂರಿ, ಅನ್ನ, ಸಾರು, ಪಲ್ಯ, ಕೇಕು. ನಾನು ನಾಚಿಕೆ ಬಿಟ್ಟು ಎರಡು ಸಲ ಬಡಿಸಿಕೊಂಡೆ. ಚೂಡಾಮಣಿ ಪಾತ್ರೆಗಳು ಕಾಣುವ ಹಾಗೆ ಒಂದು ಕುರ್ಚಿ ಹಿಡಿದು, ಕಾಲು ನೀವಿಕೊಳ್ಳುತ್ತಾ ಕೂತಳು.

"ಊಟ ಮಾಡೇ."

"ಮಾಡ್ತೀನಿ ಹಂಸಮ್ಮ. ಏನವಸರ?"

ಮಡಿ ಮೈಲಿಗೆ ಏನಾದರೂ ಇರಬೇಕು ಎಂದುಕೊಂಡೆ. ನಿದ್ದೆ ಬಂತು. ಎಚ್ಚರವಾದಾಗ ಕುತ್ತಿಗೆ ಹಿಡಿದುಕೊಂಡಿತ್ತು, ವಿಮಾನ ಇನ್ನಷ್ಟು ತಡ ಎಂದು ಹಲಗೆಯ ಮೇಲೆ ಬಂದಿತ್ತು, ಚೂಡಾಮಣಿ ಹಾಗೆಯೇ ಕೂತಿದ್ದಳು. ತುಟಿ ಒಣಗಿತ್ತು. ಹಿಂದಿನ ದಿನದಿಂದ ಅವಳ ಹೊಟ್ಟೆಗೆ ಬಿದ್ದದ್ದು ಬರೀ ಕಾಫಿ.

"ಇನ್ನೂ ತಿಂದಿಲ್ವಾ? ತಲೆ ತಿರುಗಿ ಬಿದ್ರೆ ನಿನ್ನನ್ನ ಹೊತ್ಕೊಂಡು ಹೋಗೋರು ಯಾರು?"

"ಜನ ಇನ್ನೂ ಬರ್ತಾನೇ ಇದಾರಲ್ಲಾ" ಎಂದಳು, ನಾನು ಕೇಳಬಾರದ್ದು ಕೇಳಿದ ಹಾಗೆ. "ಅನ್ನದ ಪಾತ್ರೆ ಆಗ್ಲೇ ತಳ ಕಂಡಿತ್ತು. ಈಗ ತಾನೆ ಬೇರೆ ತಂದಿಟ್ರು."

ಆಗ ನನಗೆ ಹೊಳೆಯಿತು. ಅಡುಗೆಯವರು ಉಣ್ಣುವುದು ಕೊನೆಯ ಪಂಕ್ತಿ ಎದ್ದ ಮೇಲೆ. ಕರೆಯದೇ ಬಂದವರು, ತಡವಾಗಿ ಬಂದವರು, ಡ್ರೈವರುಗಳು, ಎಲ್ಲರದ್ದೂ ಆಗಿ ಇನ್ನು ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ತಣ್ಣಗಾಗಿ ಉಳಿದದ್ದು ಅವರಿಗೆ, ಅವರ ಮಕ್ಕಳಿಗೆ. ಈ ಮಹಾತಾಯಿ ವಿಮಾನ ನಿಲ್ದಾಣದಲ್ಲಿ ಕೊನೆಯ ಪಂಕ್ತಿಗೆ ಕಾಯುತ್ತಿದ್ದಳು. ಒಂದು ವಿಮಾನದವರು ಎದ್ದು ಹೋದರೆ ಇನ್ನೊಂದರವರು ಬಂದು ತಟ್ಟೆ ಹಿಡಿಯುವ ಜಾಗದಲ್ಲಿ!

ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಅಷ್ಟರಲ್ಲಿ ಪಕ್ಕದ ಮೇಜಿನವರು ಎದ್ದು ಹೋದರು. ಚೂಡಾಮಣಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು. ಲೌಂಜಿನ ಕೆಲಸದಾಕೆ ಓಡಿ ಬಂದು, "ವದ್ದು ಅಮ್ಮಾ, ವದ್ದು" ಎಂದು ತೆಲುಗಿನಲ್ಲಿ ಬೇಡವೆನ್ನುತ್ತಾ ಕಿತ್ತುಕೊಂಡಳು. ಸುತ್ತಲಿನವರು ತಿರುಗಿ ನೋಡಿದರು.

"ಮದುವೆ ಮನೇಲೂ ಹೀಗೇ ಎಲೆ ಎತ್ತಕ್ಕೆ ಹೋಗ್ತೀಯಾ?" ಎಂದು ನಾನು ಕಿರುಚಿಯೇ ಬಿಟ್ಟೆ. "ಬೀಗರ ಮುಂದೆ ಆ ಹುಡುಗಿ ಮುಖ ಎಲ್ಲಿಟ್ಕೋಬೇಕು?"

ಅವಳು ತಟ್ಟನೆ ಕೂತಳು. ಆಮೇಲೆ ನೆಲ ನೋಡುತ್ತಾ, "ಆಗಲ್ಲ ಹಂಸಮ್ಮ" ಎಂದಳು. "ಹಸಿವಿದೆ. ಎದ್ದು ಹಾಕ್ಕೊಳ್ಳೋಣ ಅಂತ ಮೂರ್ನಾಲ್ಕು ಸಲ ಅಂದ್ಕೊಂಡೆ. ಕಾಲೇ ಏಳಲ್ಲ. ಇಷ್ಟು ಜನ ಇರೋವಾಗ ನಾನು ತಿಂದ್ರೆ ಕದ್ದು ತಿಂದ ಹಾಗಾಗತ್ತೆ. ಇಲ್ಲೇ ಆಗ್ಲಿಲ್ಲ ಅಂದ್ರೆ ನಾಡಿದ್ದು ಹೇಗೆ ಕೂರ್ಲಿ? ಮಗು ಉಪವಾಸ ಎದ್ದುಬಿಡತ್ತೆ."

ನನ್ನ ಸಿಟ್ಟು ಇಳಿದುಹೋಯಿತು. ಮಾನಸಳಿಗೆ ಫೋನ್ ಮಾಡಿ, ದೂರ ಹೋಗಿ ಎಲ್ಲ ಹೇಳಿದೆ. ಬೇಸರಪಟ್ಟುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು, "ಆಂಟಿ, ಅಮ್ಮನ್ನ ಯಾರಾದ್ರೂ ಊಟಕ್ಕೆ ಕರೆದದ್ದು ನೀವು ನೋಡಿದೀರಾ?" ಎಂದಳು.

ಯೋಚಿಸಿದೆ. ನನ್ನ ಮನೆಯಲ್ಲಿ ಎಷ್ಟು ಸಮಾರಂಭಗಳಾಗಿವೆ, ಎಲ್ಲದಕ್ಕೂ ಅವಳದೇ ಅಡುಗೆ. "ನೀನೂ ತಿಂದ್ಕೊಂಡು ಹೋಗು" ಎಂದಿದ್ದೇನೆ. ಅದು ಕರೆದದ್ದಲ್ಲ.

"ಸ್ಪೀಕರ್ ಹಾಕಿ ಅವಳ ಹತ್ರ ಇಡಿ" ಎಂದಳು ಮಾನಸ.

ಫೋನನ್ನು ಚೂಡಾಮಣಿಯ ಮುಂದಿನ ಮೇಜಿನ ಮೇಲಿಟ್ಟೆ. ಅದರೊಳಗಿಂದ ಮಗಳ ದನಿ, ಮದುವೆ ಮನೆಯಲ್ಲಿ ಬೀಗರನ್ನು ಕರೆಯುವ ಧಾಟಿಯಲ್ಲಿ, ನಿಧಾನವಾಗಿ ಬಂತು. "ಚೂಡಾಮಣಿಯವರೇ, ಎಲೆ ಹಾಕಿದೆ. ಊಟಕ್ಕೆ ಏಳಿ."

ಚೂಡಾಮಣಿ ನನ್ನ ಮುಖ ನೋಡಿದಳು, ಫೋನ್ ನೋಡಿದಳು. ನಾನೂ ಸೇರಿಸಿದೆ. "ಏಳಿ, ಅನ್ನ ಆರತ್ತೆ."

ಮಂಡಿ ಹಿಡಿದುಕೊಂಡು ಎದ್ದಳು. ಸೊಂಟದ ಸೆರಗು ಬಿಚ್ಚಿ ಹೊದ್ದುಕೊಂಡಳು. ಸಾಲಿನಲ್ಲಿ ನಿಂತು, ಹಿಂದಿದ್ದವರಿಗೆ ದಾರಿ ಬಿಡಲು ಎರಡು ಸಲ ಹೋಗಿ ನನ್ನ ಕೈಲಿ ತಡೆಸಿಕೊಂಡು, ಒಂದಿಷ್ಟು ಅನ್ನ, ಒಂದಿಷ್ಟು ಸಾರು ಹಾಕಿಕೊಂಡು ಬಂದು ಕೂತಳು. ಚಮಚ ಪಕ್ಕಕ್ಕಿಟ್ಟು ಕೈಯಲ್ಲಿ ಕಲಸಿ, ಮೊದಲ ತುತ್ತು ಬಾಯಿಗಿಟ್ಟವಳು ಅಗಿಯುವುದನ್ನೇ ನಿಲ್ಲಿಸಿದಳು.

"ಯಾಕೆ, ಉಪ್ಪಿಲ್ವಾ?" ಎಂದೆ. ಬೇರೆಯವರ ಅಡುಗೆಗೆ ಅವಳು ತೆಗೆಯುವ ಹುಳುಕು ನನಗೆ ಗೊತ್ತಿಲ್ಲವೇ?

ಅವಳು ಅದಲ್ಲವೆಂದು ತಲೆಯಾಡಿಸಿದಳು. ಕಣ್ಣು ತುಂಬಿ ಬಂದಿತ್ತು.

"ಬಿಸಿ ಇದೆ ಹಂಸಮ್ಮ" ಎಂದಳು. ಆಮೇಲೆ ಫೋನಿನ ಕಡೆ ಬಗ್ಗಿ, "ಮಗೂ, ಛತ್ರದಲ್ಲಿ ನಿನಗೆ ಒಂದಿನಾನೂ ಬಿಸಿ ಅನ್ನ ಹಾಕ್ಲಿಲ್ವಲ್ಲೇ ನಾನು" ಎಂದಳು.

"ನಾಡಿದ್ದು ಇಬ್ರೂ ಬಿಸಿಯಾಗೇ ತಿನ್ನೋಣಮ್ಮ" ಎಂದಳು ಮಾನಸ.

ಚೂಡಾಮಣಿ ಹೂಂ ಎಂದು ಎರಡನೆಯ ತುತ್ತು ಕಲಸಿದಳು.