ಧೋತರದ ಮೇಲೆ ಹರಡಿದ ನೂಡಲ್ಸ್

ಕಾದ ಬಾಣಲೆಗೆ ವಿನಿಗರ್ ಬಿದ್ದಾಗ ಒಂದು ಹುಳಿ ವಾಸನೆ ಏಳುತ್ತದೆ, ಮೂಗಿನೊಳಗೆ ಚುಚ್ಚುವಂಥದ್ದು. ಮೊನ್ನೆ ಭಾನುವಾರ ಹೊಸಪೇಟೆಯ ಈ ಮನೆಯಲ್ಲಿ ನಿಮಗೆ ನೂಡಲ್ಸ್ ಮಾಡುವಾಗ ಆ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂದೆ. ಖಾರ ಇನ್ನೂ ಹಾಕಿಯೇ ಇರಲಿಲ್ಲ... ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ ಮಕ್ಕಳೇ, ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮ್ಮ ತಾತ ಕಾಯಿಲೆಯಲ್ಲಿ ತೀರಿಕೊಂಡ ವರ್ಷ ನಾವು ಕುರೆಕುಪ್ಪದಲ್ಲಿ ಬಾಡಿಗೆಗೆ ಇದ್ದೆವು. ಸಾಲಾಗಿ ಆರು ಕೋಣೆ, ಎಲ್ಲಕ್ಕೂ ಒಂದೇ ನಲ್ಲಿ. ನಿಮ್ಮವ್ವನಿಗೆ ಆಗ ಒಂಬತ್ತು ವರ್ಷ. ತಾತ ಇದ್ದಾಗ ಭಾನುವಾರ ಹೊಸಪೇಟೆಗೆ ಹೋದರೆ ರಸ್ತೆಬದಿಯ ತಿಂಡಿ ಬಂಡಿಯಿಂದ ಅವಳಿಗೆ ಒಂದು ಪೊಟ್ಟಣ ನೂಡಲ್ಸ್ ತರುತ್ತಿದ್ದರು. ಅವರು ಹೋದ ಮೇಲೆ ಭಾನುವಾರ ಬಂತೆಂದರೆ ಹುಡುಗಿ ತಟ್ಟೆ ಮುಟ್ಟದೆ ಹೊಸ್ತಿಲಲ್ಲಿ ಕುಳಿತುಬಿಡುತ್ತಿದ್ದಳು. ಬರಬರುತ್ತ ಉಳಿದ ದಿನಗಳೂ ಹಾಗೇ ಆದವು. ಆ ಬಂಡಿಯ ಸುತ್ತ ಬರೀ ಗಂಡಸರು. ಎರಡು ಸಲ ಬಸ್ಸು ಹತ್ತಿ ಹೋದೆ, ಎರಡು ಸಲವೂ ದೂರ ನಿಂತು ನೋಡಿ ಬರಿಗೈಯಲ್ಲಿ ವಾಪಸು ಬಂದೆ. ನನ್ನ ತವರೂರು ವಡ್ಡುವಿನ ಶಾಲೆಯಲ್ಲಿ ಮೇಷ್ಟರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದವಳು ನಾನು.

ಕೊನೆಯ ಕೋಣೆಯಲ್ಲಿ ಒಬ್ಬ ಅಕ್ಕ ಇದ್ದರು. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಕೆಲಸ, ಒಂಟಿ ಜೀವ, ಗಟ್ಟಿ ದನಿ. ಒಂದು ದಿನ ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿದರು.

“ಏನವಾ ತಂಗಿ, ಹುಡುಗಿ ಯಾಕ ಹಿಂಗ ಸೊರಗ್ಯಾಳ? ಏನೂ ತಿನ್ನಂಗಿಲ್ಲೇನು?”

ನಾನು ಕೊಡವನ್ನೇ ನೋಡುತ್ತ “ನೂಡಲ್ಸ್” ಅಂದೆ. ಅಷ್ಟೇ ಬಂತು.

“ಅದಕ್ಕ ಇಷ್ಟು ಚಿಂತಿ ಮಾಡ್ತಾರೇನು? ನಾಳಿ ನನಗ ರಜಾ. ಸ್ಟೋವಿಗೆ ಎಣ್ಣಿ ಹಾಕಿಡು, ಬರ್ತೀನಿ.”

ಮರುದಿನ ಎಲೆಕೋಸು, ಗಜ್ಜರಿ, ಎರಡು ಪಾಕೀಟು ನೂಡಲ್ಸ್, ಸಣ್ಣ ಶೀಶೆಯಲ್ಲಿ ವಿನಿಗರ್, ಒಂದು ಕರಿಯ ಬಾಟಲಿ ಹಿಡಿದು ಬಂದರು. ಬಾಟಲಿ ಮೂಸಿ ನೋಡಿದಾಗ ನನ್ನ ಕೈ ಕೊರಳ ಲಿಂಗಕ್ಕೆ ಹೋಯಿತು. “ಅಕ್ಕಾರ, ಇದು ಕುಡಿಯೋದಲ್ಲಲ್ರಿ?”

“ಕುಡಿದ್ರ ನಿನ್ನ ಬಾಯಿಂದ ನಾಕು ಮಾತು ಬರ್ತಿದ್ವು ಅಂದ್ರ ಅದನ್ನೂ ಕುಡಿಸ್ತಿದ್ದೆ. ಸೋಯಾ ಕಾಳಿನ ರಸ ಅದು, ಸುಮ್ನಿರು.”

ನೂಡಲ್ಸ್ ಕುದಿಸುವುದು ನನಗೆ ಬಿಟ್ಟರು. ಶಾವಿಗೆ ಬಸಿದು ಗೊತ್ತಿದ್ದವಳಲ್ಲವೇ, ಹಾಗೇ ಬಸಿದು, ಆರಬಾರದೆಂದು ಮೇಲೆ ತಟ್ಟೆ ಮುಚ್ಚಿದೆ. ಅಕ್ಕ ಕೋಸು ಹೆಚ್ಚಿ ಮುಗಿಸಿ ತಟ್ಟೆ ಎತ್ತಿದರೆ ಒಂದೇ ಮುದ್ದೆ.

“ಏನಬೇ ಇದು, ಗ್ವಾಡಿಗೆ ಪೋಸ್ಟರ್ ಹಚ್ಚಾಕ ಮಾಡೀಯೇನು?”

ನನಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು. ಹೊಸ್ತಿಲಲ್ಲಿದ್ದ ನಿಮ್ಮವ್ವ ತಿರುಗಿ ನನ್ನ ಮುಖ ನೋಡಿದಳು.

“ಶಾವಿಗಿಗೆ ಬಿಸಿ ಇರಬೇಕು, ಇದಕ್ಕ ಗಾಳಿ ಬೇಕು,” ಎಂದು ಅಕ್ಕ ಎರಡನೆಯ ಪಾಕೀಟು ತಾವೇ ಕುದಿಸಿದರು. ಹರಡಲು ಅಗಲವಾದ ಹತ್ತಿಬಟ್ಟೆ ಕೇಳಿದರು. ಮನೆಯಲ್ಲಿ ಇದ್ದದ್ದು ಒಂದೇ, ಒಗೆದು ಮಡಚಿ ಟ್ರಂಕಿನಲ್ಲಿಟ್ಟಿದ್ದ ತಾತನ ಧೋತರ. ತೆಗೆದುಕೊಟ್ಟೆ. ಅಕ್ಕ ಅದರ ಅಂಚು ನೋಡಿದರು, ನನ್ನನ್ನು ನೋಡಿದರು. “ಹರಡ್ಲೇನು?” ಆ ಗಟ್ಟಿ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಮತ್ತೆ ಕೇಳಲಿಲ್ಲ. ತಲೆಯಾಡಿಸಿದೆ. ಇಬ್ಬರೂ ಕೂತು ಬೆರಳಿಂದ ಎಳೆ ಎಳೆ ಬಿಡಿಸಿ, ಎಣ್ಣೆ ಸವರಿದೆವು. ಆಮೇಲೆ ದೊಡ್ಡ ಉರಿ, ಕಾದ ಬಾಣಲೆ, ತರಕಾರಿ, ನೂಡಲ್ಸ್, ಆ ಕರಿಯ ರಸ, ಕೊನೆಗೆ ವಿನಿಗರ್...

ನಿಮ್ಮವ್ವ ಒಂದು ತುತ್ತು ತಿಂದು, “ಅಪ್ಪ ತರೋದು ಇದಲ್ಲ,” ಅಂದಳು.

“ಹೌದವ್ವ, ಇದು ಅಪ್ಪಂದಲ್ಲ, ಅವ್ವಂದು. ಬ್ಯಾಡಂದ್ರ ಬಿಡು, ನಾ ತಿಂತೀನಿ,” ಎಂದು ಅಕ್ಕ ತಟ್ಟೆ ಎಳೆದುಕೊಂಡರು. ಹುಡುಗಿ ಗಟ್ಟಿಯಾಗಿ ಹಿಡಿದು ತನ್ನ ಕಡೆಗೆ ಎಳೆದಳು. ತಟ್ಟೆ ಬರಿದಾಗುವವರೆಗೂ ಬಿಡಲಿಲ್ಲ.

ಅಲ್ಲಿಂದ ಒಂದೂವರೆ ವರ್ಷ ಅಕ್ಕನ ರಜೆಯ ದಿನ ಮೂವರೂ ಒಟ್ಟಿಗೆ ಉಂಡೆವು. ಆಮೇಲೆ ಕ್ಯಾಂಟೀನಿನ ಗುತ್ತಿಗೆ ಬದಲಾಯಿತು. ಅಕ್ಕನ ಸಾಮಾನು ಒಯ್ಯಲು ಒಂದು ಬೆಳಿಗ್ಗೆ ಟೆಂಪೊ ಬಂತು. ನನ್ನ ಮಗಳನ್ನು ಉಳಿಸಿಕೊಟ್ಟಿರಿ ಎಂದು ಹೇಳಬೇಕಿತ್ತು, ರಾತ್ರಿಯೆಲ್ಲ ಮನಸ್ಸಿನಲ್ಲೇ ಹೇಳಿ ನೋಡಿದ್ದೆ. ಅವರು “ತಂಗಿ, ಹೊಂಟೆ ನೋಡು, ಉರಿ ಸಣ್ಣ ಮಾಡಬ್ಯಾಡ,” ಎಂದು ಕೂಗಿದಾಗ ನಾನು ಒಳಗೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಹೊರಗೆ ಬರುವಷ್ಟರಲ್ಲಿ ಟೆಂಪೊ ಕೆಂಪು ಧೂಳಿನಲ್ಲಿ ಮರೆಯಾಗಿತ್ತು.

ಮೊನ್ನೆ ನಿಮ್ಮಲ್ಲಿ ದೊಡ್ಡವನು ಕೇಳಿದ, ಇದನ್ನು ಯಾರು ಕಲಿಸಿದ್ದು ಅಂತ. ಒಬ್ಬ ಅಕ್ಕ ಅಂದೆ. “ಹೆಸರು ಹೇಳಜ್ಜಿ, ಫೋನಿನಾಗ ಹುಡುಕ್ತೀನಿ,” ಎಂದು ಬಾಯಲ್ಲಿ ನೂಡಲ್ಸ್ ಇಟ್ಟುಕೊಂಡೇ ಕಾಯುತ್ತಾ ಕುಳಿತ. ಆ ಸಾಲಿನವರೆಲ್ಲ ಅವರನ್ನು ಕರೆಯುತ್ತಿದ್ದುದೇ ಅಕ್ಕ ಅಂತ. ಹಾಗೆ ಕರೆದ ಮೇಲೆ ಹೆಸರು ಕೇಳುವುದು ಹೇಗೆ ಎಂದು ನಾನು ಕೇಳಲೇ ಇಲ್ಲ. ಊರೂ ಕೇಳಲಿಲ್ಲ.

ಇದ್ದರೆ ಅವರಿಗೀಗ ಎಪ್ಪತ್ತರ ಹತ್ತಿರ. ನನ್ನನ್ನು ಎಂದಾದರೂ ನೆನೆದು, ಯಾರಿಗಾದರೂ ಹುಡುಕಿಕೊಡು ಎಂದು ಹೇಳಿದ್ದರೂ ಪ್ರಯೋಜನವಾಗಿರುವುದಿಲ್ಲ. ಅವರೂ ನನ್ನ ಹೆಸರು ಕೇಳಿರಲಿಲ್ಲ... ತಂಗಿ ಅನ್ನುತ್ತಿದ್ದರು, ಅಷ್ಟೇ.