ಗಪ್ಪಣ್ಣನ ಮಾತು, ನನ್ನ ಪಟ್ಟಿ

ಟ್ರಂಕಿನ ಮುಚ್ಚಳ ತೆಗೆದೊಡನೆ ಬಜೆಬೇರಿನ ವಾಸನೆ ಮೂಗಿಗೆ ಹೊಡೆಯಿತು. ಹುಳ ಹಿಡಿಯದಿರಲಿ ಎಂದು ನಾನೇ ಇಟ್ಟ ಬೇರು, ಇಟ್ಟದ್ದು ಮರೆತೇಹೋಗಿತ್ತು. ಅದರಡಿಯಲ್ಲಿ ರಟ್ಟು ಸವೆದ ಇನ್ನೂರು ಪುಟದ ಪಟ್ಟಿ, ಎಂದರೆ ನೋಟುಬುಕ್ಕು. ಹುಡುಕಲು ಕಾರಣ, ಬೆಳಿಗ್ಗೆ ಯಲ್ಲಾಪುರದಿಂದ ಬಂದ ಶಾರದೆಯ ಫೋನು. ಬರುವ ಭಾನುವಾರ ಉಮ್ಮಚಗಿಯ ತಾಳಮದ್ದಳೆಯಲ್ಲಿ ಆಕೆ ಮೊದಲ ಸಲ ಅರ್ಥ ಹೇಳುತ್ತಾಳಂತೆ. ನನ್ನ ಅಪ್ಪನಿಗೆ ಓದಿ ಹೇಳುತ್ತಿದ್ದಿರಲ್ಲ, ಆ ಪಟ್ಟಿ ಬೇಕಿತ್ತು, ಸಂಜೆ ಬರುತ್ತೇನೆ ಎಂದಳು. ಹೂಂ ಎಂದೆ. ಫೋನು ಇಟ್ಟ ಮೇಲೆ ಹೆದರಿಕೆಯಾಯಿತು. ಈ ಪಟ್ಟಿ ನನಗೆ ಮಾಡಿದ್ದನ್ನೇ ಅವಳಿಗೂ ಮಾಡಿದರೆ?

ಶಾರದೆಯ ಅಪ್ಪ ಗಪ್ಪಣ್ಣ ಕಾನಸೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ. ಯಂತ್ರ ತುಳಿಯುತ್ತಲೇ ವಾದ ಮಾಡುವವನು. ವಾದ ಬಿಗಿಯಾದರೆ ಕಾಲು ನಿಲ್ಲುತ್ತಿತ್ತು, ಗಿರಾಕಿಯ ಅಂಗಿ ಅರ್ಧಕ್ಕೆ ನಿಲ್ಲುತ್ತಿತ್ತು. ತಾಳಮದ್ದಳೆಯಲ್ಲಿ ಅವನ ಅರ್ಥ ಕೇಳಲು ಸಿದ್ದಾಪುರದಿಂದಲೂ ಜನ ಬರುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಪದ್ಯ ಮುಗಿದೊಡನೆ ಕೂತಲ್ಲೇ ಮಾತು ಕಟ್ಟಬೇಕು, ಎದುರಿನವನ ಮಾತಿಗೆ ಆಗಿಂದಾಗಲೇ ಉತ್ತರ ಹುಟ್ಟಬೇಕು. ನಾನಾದರೋ ಶಾಲೆ ಮಾಸ್ತರ. ಪೇಟೆಗೆ ಹೋಗುವಾಗ ಸಾಮಾನಿನ ಚೀಟಿ ಬರೆದು, ಚೀಟಿಯನ್ನು ಮನೆಯಲ್ಲೇ ಬಿಟ್ಟು ಹೋಗುವ ಜಾತಿ. ಅಂಥವನಿಗೂ ಅರ್ಥಧಾರಿಯಾಗುವ ಹುಚ್ಚು ಹತ್ತಿತು.

ನಿನ್ನ ಅರ್ಥವನ್ನು ಬರೆದುಕೊಡು ಎಂದು ಗಪ್ಪಣ್ಣನನ್ನು ಕೇಳಿದೆ. ಅವನು ಅಳತೆಯ ಪುಸ್ತಕ ತೋರಿಸಿದ.

“ಅಂಗಿ ಅಳತೆ ಬರ್ಕಂಬಲಕ್ಕು ತಮಾ. ಮಾತಿಂದು ಹಾಂಗಲ್ಲ. ಎದ್ರಿಗೆ ಯಾರು ಕೂತಿದ್ದ ಹೇಳಿ ನೋಡಿ ಕತ್ತರಿ ಹಾಕವು.”

ಅಂಗಿಯ ಅಳತೆ ಬರೆದುಕೊಳ್ಳಬಹುದು, ಮಾತನ್ನಲ್ಲ ಎಂದರೆ ನಾನು ಕೇಳಬೇಕಲ್ಲ. ಕೂಟ ಎಲ್ಲಿದ್ದರೂ ಹಿಂದಿನ ಸಾಲಿನಲ್ಲಿ ಕೂತು, ಅವನ ಒಂದೊಂದು ಮಾತನ್ನೂ ಕದ್ದು ಬರೆದೆ. ಒಂದು ವರ್ಷಕ್ಕೆ ಕೊನೆಯ ಪುಟವೊಂದು ಬಿಟ್ಟು ಪಟ್ಟಿ ತುಂಬಿತು. ಉರು ಹೊಡೆದೆ. ಹೆಂಡತಿ ಚಹಾ ಬೇಕೇ ಎಂದರೆ ಸಂಧಾನದ ದೂತನ ಧಾಟಿಯಲ್ಲಿ ಉತ್ತರ ಕೊಡುತ್ತಿದ್ದೆ. ಪಾಪ, ಸಹಿಸಿಕೊಂಡಳು.

ಕೋಲಸಿರ್ಸಿಯಲ್ಲೊಂದು ಮಧ್ಯಾಹ್ನದ ಕೂಟ. ನಾನು ದೂತ, ಎದುರಿಗೆ ರಾಜನಾಗಿ ಗಪ್ಪಣ್ಣನೇ. ಅವನ ಮಾತನ್ನೇ ಅವನೆದುರು ಸುರಿದೆ. ಜನ ತಲೆದೂಗಿದರು. ಗಪ್ಪಣ್ಣ ಎಲ್ಲವನ್ನೂ ಕೇಳಿ, ಮೆಲ್ಲಗೆ ಒಂದೇ ಪ್ರಶ್ನೆ ಹಾಕಿದ: “ದೂತನೇ, ನೀನು ಕೇಳಲು ಬಂದದ್ದು ನ್ಯಾಯವೋ, ಭಿಕ್ಷೆಯೋ?”

ಪಟ್ಟಿಯಲ್ಲಿ ಅದಿರಲಿಲ್ಲ. ಮನಸ್ಸಿನಲ್ಲೇ ಹಾಳೆ ಮಗುಚಿದೆ, ಸಿಗಲಿಲ್ಲ. ಬೇರೆ ದಾರಿ ಕಾಣದೆ ಮೊದಲು ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದೆ. ಅವನು ಮತ್ತೆ ಕೇಳಿದ. ನಾನು ಮತ್ತೆ ಅದನ್ನೇ ಹೇಳಿದೆ. ಯಾರೋ ಕಿಸಕ್ಕೆಂದರು. ಪದ್ಯ ಹಾಡುವ ಭಾಗವತರು ಕರುಣೆಯಿಂದ ಮುಂದಿನ ಪದ್ಯ ಎತ್ತಿಕೊಂಡರು. ಕೂಟ ಮುಗಿದ ಮೇಲೆ ಗಪ್ಪಣ್ಣ ಹೆಗಲ ಮೇಲೆ ಕೈಯಿಟ್ಟು, “ನಿನ್ ಪಟ್ಟೀಲಿ ಎಂತೂ ತಪ್ಪಿಲ್ಲೆ. ಕೇಳಿರೆ ಮಾತ್ರ ಉತ್ತರ ಕೊಡ್ತಿಲ್ಲೆ” ಎಂದ. ಕದ್ದದ್ದು ಅವನಿಗೆ ಗೊತ್ತಿತ್ತು. ನಾನು ಆಮೇಲೆ ಅರ್ಥ ಹೇಳಲಿಲ್ಲ.

ನಿವೃತ್ತನಾದ ಮೇಲೆ ಶಿರಸಿಯ ಗ್ರಂಥಾಲಯದಲ್ಲಿ ಪ್ರಾಚೀನ ಗ್ರೀಸಿನ ತತ್ತ್ವಜ್ಞಾನದ ಬಗ್ಗೆ ಒಂದು ಪುಸ್ತಕ ಸಿಕ್ಕಿತು. ಅಲ್ಲೂ ಒಬ್ಬ ಗಪ್ಪಣ್ಣ! ಪೇಟೆಯಲ್ಲಿ ಸಿಕ್ಕವರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದ ಮುದುಕ, ಒಂದಕ್ಷರ ಬರೆದಿಡಲಿಲ್ಲ. ಬರಹವನ್ನು ನಂಬಿದರೆ ನೆನಪು ಸೋಮಾರಿಯಾಗುತ್ತದೆ, ಬರೆದ ಮಾತು ಚಿತ್ರದ ಹಾಗೆ ಜೀವವಿದ್ದಂತೆ ಕಾಣುತ್ತದೆ, ಆದರೆ ಪ್ರಶ್ನೆ ಕೇಳಿದರೆ ಸುಮ್ಮನಿರುತ್ತದೆ ಎಂಬುದು ಅವನ ದೂರು. ಓದುತ್ತಾ ಕೋಲಸಿರ್ಸಿಯ ಕೂಟ ಮತ್ತೊಮ್ಮೆ ಕಣ್ಣಮುಂದೆ ಬಂತು. ಆದರೆ ನೋಡಿ, ಇದೆಲ್ಲ ನಮಗೆ ಗೊತ್ತಾದದ್ದು ಹೇಗೆ? ಶಿಷ್ಯನೊಬ್ಬ ಕೂತು ಬರೆದಿಟ್ಟ. ಅವನು ಬರೆದದ್ದೂ ಇಬ್ಬರು ಮಾತಾಡಿದ ಹಾಗೆಯೇ, ಪ್ರಶ್ನೆ ಉತ್ತರಗಳಲ್ಲಿ. ಆ ಶಿಷ್ಯನ ಮೇಲೆ ನನಗೆ ವಿಪರೀತ ಪ್ರೀತಿ ಬಂತು. ಕಳ್ಳನಿಗೆ ಕಳ್ಳನೇ ನೆಂಟ.

ಕೊನೆಯ ಎರಡು ವರ್ಷ ಗಪ್ಪಣ್ಣನಿಗೆ ಮರೆವು ಹತ್ತಿತು. ಸೂಜಿಗೆ ದಾರ ಪೋಣಿಸುವುದು ಕೈಗೆ ನೆನಪಿತ್ತು, ಮಗಳ ಹೆಸರು ಬಾಯಿಗೆ ಬರುತ್ತಿರಲಿಲ್ಲ. ನಾನು ಹೋಗಿ ಪಟ್ಟಿಯಲ್ಲಿದ್ದ ಅವನದೇ ಮಾತನ್ನು ಅವನಿಗೆ ಓದುತ್ತಿದ್ದೆ. ಒಂದು ದಿನ ಕಣ್ಣು ಮುಚ್ಚಿ ಕೇಳುತ್ತಿದ್ದವನು ಕಣ್ಣು ಬಿಟ್ಟ.

“ಚೊಲೋ ಮಾತಾಡ್ತ. ಯಾರು ಇಂವ? ಇವಂಗೆ ಒಂದು ಪ್ರಶ್ನೆ ಕೇಳವು.”

ಯಾವ ಪ್ರಶ್ನೆ ಎಂದೆ. ಅಷ್ಟರಲ್ಲಿ ಅದೂ ಮರೆತಿತ್ತು. ಮನೆಗೆ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ.

ಸಂಜೆ ಶಾರದೆ ಬಂದಳು. ಪಟ್ಟಿ ಕೈಗಿಟ್ಟು, ನನ್ನ ಕೋಲಸಿರ್ಸಿಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ನಕ್ಕಳು, ಆಮೇಲೆ ಒಂದು ಗಂಟೆ ತಲೆಯೆತ್ತದೆ ಓದಿದಳು. ಅಪ್ಪನ ಮಾತು ಬಂದಲ್ಲೆಲ್ಲ ಅವಳ ತುಟಿ ಅಲುಗುತ್ತಿತ್ತು. ಓದಿ ಮುಗಿದ ಮೇಲೆ ಪಟ್ಟಿಯನ್ನು ಮುಚ್ಚಿಡಲು ಹೇಳಿ, ಎದುರಿಗೆ ಕೂತೆ. ಎಷ್ಟೋ ವರ್ಷಗಳ ಮೇಲೆ ಬಾಯಿಬಿಟ್ಟೆ, ಅದೂ ರಾಜನಾಗಿ: ದೂತನೇ, ನೀನು ಕೇಳಲು ಬಂದದ್ದು ನ್ಯಾಯವೋ, ಭಿಕ್ಷೆಯೋ?

ಶಾರದೆ ಪಟ್ಟಿಯ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು.

“ರಾಜ, ಕೇಳಲು ಬಂದದ್ದು ನ್ಯಾಯವನ್ನೇ. ಅದನ್ನೂ ಬೇಡಿ ಪಡೆಯಬೇಕೆಂದಾದರೆ, ಬಡತನ ನನ್ನದಲ್ಲ, ನಿನ್ನ ಸಭೆಯದು.”

ಅದು ಗಪ್ಪಣ್ಣನ ಮಾತಲ್ಲ, ನನ್ನ ಪಟ್ಟಿಯದೂ ಅಲ್ಲ. ನನ್ನ ಕೈ ಆಗಲೇ ಪೆನ್ನು ಹುಡುಕುತ್ತಿತ್ತು, ಹುಟ್ಟುಗುಣ. ಕೊನೆಯ ಪುಟದಲ್ಲಿ ಬರೆದುಕೊಂಡು, ಕೆಳಗೆ ಅರ್ಧ ಹಾಳೆ ಖಾಲಿ ಬಿಟ್ಟು ಪಟ್ಟಿಯನ್ನು ಅವಳಿಗೆ ಕೊಟ್ಟೆ. ಗಪ್ಪಣ್ಣ ಕೇಳಬೇಕೆಂದಿದ್ದು ಕೇಳುವಷ್ಟರಲ್ಲಿ ಮರೆತ ಆ ಪ್ರಶ್ನೆಗೆ ಜಾಗ ಬೇಕಲ್ಲ.